ತಾಳವಾಡಿಯಿಂದ ಊಟಿಗೆ: ಮಾಗಿಯಲ್ಲಿ ಹೊರಡುವವರಿಗೆ

ಡಿಸೆಂಬರ್‌ನಲ್ಲಿ ತಾಳವಾಡಿ, ದಿಂಬಂ, ಕೋಟಗಿರಿ, ಊಟಿ ನೋಡಿಕೊಂಡು ಗೂಡಲೂರಿನ ಮೇಲೆ ವಾಪಸ್ಸಾಗಬೇಕು ಅಂದುಕೊಂಡಿದ್ದೀರಾ? ನಾಲ್ಕು ದಿನದ ಲೆಕ್ಕ ಹಾಕಿದ್ದರೆ ಏಳು ದಿನ ಮಾಡಿಕೊಳ್ಳಿ. ನಾನೂ ಅಕ್ಕನ ಮಗನೂ ಕಾರಿನಲ್ಲಿ ಹೊರಟಾಗ ನಮ್ಮ ಕೈಲಿದ್ದದ್ದೂ ನಾಲ್ಕೇ ದಿನ. ಆ ಮೂರು ದಿನ ಹೆಚ್ಚಿಗೆ ಕೇಳಿದ್ದು ಮೋಡ, ಮಂಜು ಮತ್ತು ಮಳೆ. ಕೊಟ್ಟಿದ್ದಕ್ಕೆ ಒಂದಿಷ್ಟೂ ಬೇಸರವಿಲ್ಲ.

ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ಮಾತು, ಮನೆ, ಸಂತೆ ಎಲ್ಲವೂ ಕನ್ನಡದ್ದೇ. ಡಾ. ರಾಜ್‌ಕುಮಾರ್ ಅವರ ದೊಡ್ಡ ಗಾಜನೂರು ಇಲ್ಲೇ ಪಕ್ಕದಲ್ಲಿ. ನಮ್ಮ ಚಿಕ್ಕವ್ವನ ಮನೆಯೂ ಆ ಸೀಮೆಯಲ್ಲೇ. ಮೊದಲ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅವರೆ ಹೊಲದಲ್ಲಿ ನಡೆದರೆ ಇಬ್ಬನಿಗೆ ಪಂಚೆ ಮೊಣಕಾಲಿನವರೆಗೂ ನೆನೆಯುತ್ತಿತ್ತು. ಕುಯ್ದ ರಾಗಿ ಕೆಲವು ಹೊಲದಲ್ಲಿ ಮೆದೆಯಾಗಿತ್ತು, ಕೆಲವು ಕಡೆ ಇನ್ನೂ ನೆಲದ ಮೇಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಪೂರ್ವಕ್ಕೆ ತಿರುಗಿತು. ಚಿಕ್ಕವ್ವ ಅಂಗಳದಲ್ಲಿ ನಿಂತು ಒಂದು ಸಲ ಮೇಲೆ ನೋಡಿ, “ಮೂಡಗಾಳಿ ಎದ್ದದೆ ಕನಪ್ಪ. ಮೂರ್ ದಿನ ಬುಡಕಿಲ್ಲ. ಘಾಟಿ ತಂಟೆಗೆ ಓಗ್ಬ್ಯಾಡಿ” ಅಂದರು.

ಮೊಬೈಲಿನಲ್ಲಿ ನೋಡಿದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಚಿಕ್ಕವ್ವ ಅದನ್ನು ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

ಈ ಸೀಮೆಯ ಹವೆ ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿದ್ದರೆ ಸಾಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಾರುತ ಬೀಸುವುದು ಸಮುದ್ರದ ಕಡೆಯಿಂದ, ಅಂದರೆ ಪೂರ್ವದಿಂದ. ಆ ಹಸಿ ಗಾಳಿ ಬಯಲು ದಾಟಿ ಬಂದು ಬೆಟ್ಟದ ಪೂರ್ವದ ಮೈಗೆ ತಾಗಿ ಮೇಲೇರುವಾಗ ತಣ್ಣಗಾಗಿ ಮೋಡ ಕಟ್ಟುತ್ತದೆ. ದಿಂಬಂ, ಕೋಟಗಿರಿ, ಕೂನೂರು ಮೂರೂ ಆ ಮೈಯಲ್ಲೇ ಇವೆ. ಗೂಡಲೂರು ಪಶ್ಚಿಮಕ್ಕಿದೆ, ಅಲ್ಲಿ ಮಳೆಗಾಲ ಅಂದರೆ ಜೂನ್, ಜುಲೈ. ಹಾಗಾಗಿ ಒಂದೇ ದಿನ ಕೋಟಗಿರಿಯಲ್ಲಿ ಕೊಡೆ ಬಿಚ್ಚಿರುತ್ತಾರೆ, ಗೂಡಲೂರಿನಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಕೊಲ್ಲಿಯಲ್ಲಿ ಕುಸಿತದ ಸುದ್ದಿ ಬಂದರೆ ಈ ಸುತ್ತನ್ನು ತಿರುಗಿಸಿ ಹಾಕಿ, ಗುಂಡ್ಲುಪೇಟೆ, ಗೂಡಲೂರಿನ ಕಡೆಯಿಂದ ಶುರು ಮಾಡಿ. ನಾವು ಮಾಡದೆ ಬಿಟ್ಟದ್ದು ಇದನ್ನೇ.

ಎರಡನೇ ದಿನ, ಮೂರನೇ ದಿನ ಜಡಿಮಳೆ. ಜೋರಿಲ್ಲ, ನಿಲ್ಲುವುದೂ ಇಲ್ಲ. ಪ್ರವಾಸಕ್ಕೆ ಬಂದವರಿಗೆ ಇದು ಬೆಚ್ಚಗೆ ಕೂತು ಸೊಗಡವರೆ ಸಾರು, ಮುದ್ದೆ ಉಣ್ಣುವ ಹೊತ್ತು. ಹೊಲದಲ್ಲಿ ರಾಗಿ ಬಿಟ್ಟವರಿಗೆ ಹಾಗಲ್ಲ. ತೆನೆ ನೆನೆದು ಹಾಗೇ ಬಿದ್ದಿದ್ದರೆ ಮೊಳಕೆ ಬರುತ್ತದೆ, ಹುಲ್ಲು ಕಪ್ಪಾಗುತ್ತದೆ. ನಾವಿಬ್ಬರೂ ಚಿಕ್ಕಪ್ಪನ ಜೊತೆ ಟಾರ್ಪಾಲು ಎಳೆದು ಮೆದೆ ಮುಚ್ಚಿದೆವು. ಅದರ ಮೇಲೆ ಆನೆಯ ಕಾವಲು ಬೇರೆ. ಬೆಳೆ ಮನೆ ಸೇರುವವರೆಗೆ ಇಲ್ಲಿಯ ಗಂಡಸರು ಸರಿಯಾಗಿ ನಿದ್ದೆ ಮಾಡುವುದಿಲ್ಲ. ಇಂಥ ಊರುಗಳಲ್ಲಿ ಹಾದುಹೋಗುವಾಗ ರಸ್ತೆಯ ಮೇಲೆ ಹರಡಿದ ಬೆಳೆಯನ್ನು ಕಂಡು ದಯವಿಟ್ಟು ಗೊಣಗಬೇಡಿ, ನಿಧಾನಕ್ಕೆ ದಾಟಿ.

ನಾಲ್ಕನೇ ದಿನ ಮಳೆ ಬಿಟ್ಟಿತು, ದಿಂಬಂ ಘಾಟಿಯ ಮಂಜು ಬಿಟ್ಟಿರಲಿಲ್ಲ. ತಾಳವಾಡಿಯಿಂದ ತಲಮಲೆಯ ಮೇಲೆ ದಿಂಬಂಗೆ ಕಾಡುದಾರಿಯೊಂದಿದೆ. ಮಂಜಿದ್ದಾಗ ಅದು ಬೇಡ, ಹಾಸನೂರಿನ ಹೆದ್ದಾರಿಯೇ ಮೇಲು. ಇಡೀ ದಾರಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗುತ್ತದೆ. ಚಾಮರಾಜನಗರದಿಂದ ನೇರ ಬರುವವರಿಗೆ ಪುಣಜನೂರು ದಾಟಿದ ಮೇಲೆ ಕಾರಪಳ್ಳಂ ಚೆಕ್‌ಪೋಸ್ಟ್ ಸಿಗುತ್ತದೆ. ಕಬ್ಬಿನ ಲಾರಿಗಳಿಂದ ಜಲ್ಲೆ ಕೀಳಲು ಆನೆಗಳು ಅಲ್ಲಿ ನಿಂತಿರುವುದುಂಟು. ಫೋಟೊ ತೆಗೆಯಲು ಇಳಿಯಬೇಡಿ, ತಿನ್ನಲು ಏನನ್ನೂ ಎಸೆಯಬೇಡಿ.

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ನಾವು ಹಾಸನೂರಿನ ಚಹಾ ಅಂಗಡಿಯಲ್ಲಿ ಒಂದೂವರೆ ಗಂಟೆ ಕಾದು, ಹತ್ತೂವರೆಗೆ ಹೊರಟೆವು. ಆಗಲೂ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಮೊದಲ ತಿರುವಿನಲ್ಲಿ ಹುಡುಗ ಹೈಬೀಮ್ ಹಾಕಿದ. ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬಂತು. ಮಂಜಿನಲ್ಲಿ ಲೋಬೀಮ್ ಅಥವಾ ಫಾಗ್ ಲೈಟ್, ಅಷ್ಟೇ. ಒಳಗೆ ಇಬ್ಬರ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು. ಬಟ್ಟೆಯಲ್ಲಿ ಒರೆಸುತ್ತಾ ಕೂರುವ ಬದಲು ಚಳಿಯಿದ್ದರೂ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಒಂದೇ ನಿಮಿಷದಲ್ಲಿ ತಿಳಿಯಾಗುತ್ತದೆ. ಇಳಿಯುವಾಗ ಎರಡನೇ ಗೇರು ಬಿಡಬೇಡಿ, ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತುವ ಲಾರಿ ತಿರುವಿಗೆ ಬಂದಿದ್ದರೆ ಹಿಂದೆಯೇ ನಿಲ್ಲಿ. ಉದ್ದದ ಲಾರಿಗೆ ತಿರುಗಲು ಇಡೀ ರಸ್ತೆ ಬೇಕು. ನಡುವೆ ನುಗ್ಗಿದ ಒಬ್ಬರಿಂದಾಗಿ ನಾವೆಲ್ಲ ನಲವತ್ತು ನಿಮಿಷ ಒಂದೇ ಕಡೆ ನಿಂತೆವು. ರಾತ್ರಿ ಇಲ್ಲಿ ಸಂಚಾರಕ್ಕೆ ನಿರ್ಬಂಧವಿದೆ. ಬಣ್ಣಾರಿ ಮತ್ತು ಕಾರಪಳ್ಳಂ ನಡುವಿನ ದಾರಿಯನ್ನು ಸಂಜೆಯೊಳಗೆ ಮುಗಿಸುವ ಹಾಗೆ ಹೊರಡಿ.

ಅರ್ಧಕ್ಕಿಂತ ಕೆಳಗೆ ಬಂದಾಗ ಮೋಡ ನಮ್ಮ ತಲೆಯ ಮೇಲಾಯಿತು. ಬಯಲು ಪೂರ್ತಿ ಬಿಸಿಲಲ್ಲಿ ಹೊಳೆಯುತ್ತಿತ್ತು. ಬಣ್ಣಾರಿ ಮಾರಿಯಮ್ಮನ ಗುಡಿಯ ಮುಂದೆ ಇಳಿದು ಸ್ವೆಟರ್ ಬಿಚ್ಚಿದೆವು, ಬೆವರು ಶುರುವಾಯಿತು. ಸತ್ಯಮಂಗಲದಲ್ಲಿ ಮಲ್ಲಿಗೆ ಕೊಳ್ಳುವ ಆಸೆಯಿದ್ದರೆ ಇದು ಸಮಯವಲ್ಲ. ಚಳಿಗೆ ಹೂ ಕಡಿಮೆಯಾಗಿ ಬೆಲೆ ಏರಿರುತ್ತದೆ.

ಅವತ್ತೇ ಕೋಟಗಿರಿ ಹತ್ತುವ ಯೋಚನೆಯಿತ್ತು. ಮೆಟ್ಟುಪಾಳ್ಯಕ್ಕೆ ಬಂದರೆ ನೀಲಗಿರಿಯ ಮೇಲೆ ಕಪ್ಪು ಗೋಡೆ ಕಟ್ಟಿದ ಹಾಗೆ ಮೋಡ. ಅಲ್ಲೇ ಉಳಿದೆವು. 2009ರ ನವೆಂಬರ್‌ನಲ್ಲಿ ಇಂಥದೇ ಹಿಂಗಾರು ಮಳೆಗೆ ಕೂನೂರು, ಕೋಟಗಿರಿ, ಊಟಿ ಸುತ್ತ ಗುಡ್ಡ ಜರಿದು 40ಕ್ಕೂ ಹೆಚ್ಚು ಜನ ಸತ್ತಿದ್ದರು. ಘಾಟಿ ಕಾಯಬಲ್ಲದು, ನಾವೂ ಕಾಯಬಹುದು. 1908ರಲ್ಲಿ ಊಟಿ ಮುಟ್ಟಿದ ಪುಟ್ಟ ರೈಲಿನ ಟಿಕೆಟ್ ಮಾಡಿಸಿಕೊಂಡವರಿಗೂ ಇದೇ ಮಾತು: ಈ ತಿಂಗಳುಗಳಲ್ಲಿ ಹಳಿಯ ಮೇಲೆ ಮಣ್ಣು, ಬಂಡೆ ಬಿದ್ದು ಓಡಾಟ ನಿಲ್ಲುವುದು ಸಾಮಾನ್ಯ, ಬದಲಿ ದಾರಿ ಯೋಚಿಸಿಟ್ಟಿರಿ. ನೀಲಗಿರಿಗೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ದಿನ ಮುಂದೆ ಹೋದರೆ ಪಾಸನ್ನೂ ಮತ್ತೆ ಮಾಡಿಸಿ. ಪ್ಲಾಸ್ಟಿಕ್ ನೀರಿನ ಬಾಟಲಿ ತರಬೇಡಿ, ಚೆಕ್‌ಪೋಸ್ಟಿನಲ್ಲಿ ತೆಗೆದುಕೊಳ್ಳುತ್ತಾರೆ. ಸ್ಟೀಲ್ ಬಾಟಲಿ ಇರಲಿ.

ಐದನೇ ದಿನ ಕೋಟಗಿರಿ ತೋಯ್ದು ತಣ್ಣಗಿತ್ತು. ಬೇಕರಿಯಲ್ಲಿ ಪಕ್ಕ ಕೂತ ಹಿರಿಯರು ಬಡಗ ಮಾತಿನಲ್ಲಿ ಏನೋ ಕೇಳಿದರು, ನಾನು ಕನ್ನಡದಲ್ಲಿ ಉತ್ತರಿಸಿದೆ. ಅರ್ಧ ಗಂಟೆ ಹಾಗೇ ಮಾತು ನಡೆಯಿತು. ಬಡಗರು ಅಂದರೆ ಬಡಗಣ ದಿಕ್ಕಿನಿಂದ, ನಮ್ಮ ಮೈಸೂರು ಸೀಮೆಯಿಂದ ಬಂದವರು ಅನ್ನುತ್ತಾರೆ. ಅವರ ಸಲಹೆ, “ನಾಳೆ ಗಾಳಿ ನಿಲ್ಲುತ್ತೆ, ಕೊಡನಾಡಿಗೆ ಬೆಳಗ್ಗೆಯೇ ಹೋಗಿ” ಅನ್ನುವುದು.

ಹೋದೆವು. ಕೆಳಗೆ ಮೊಯಾರ್ ಕಣಿವೆ, ನಡುವೆ ತೆಂಗುಮರಹಾಡದ ಗದ್ದೆಗಳು, ಆಚೆಗೆ ನಾವು ಇಳಿದು ಬಂದ ಬೆಟ್ಟಸಾಲು. ಅದರ ಹಿಂದೆಯೇ ತಾಳವಾಡಿ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾವ, ಆ ಮಂಜಲ್ಲಿ ಇಷ್ಟೆಲ್ಲ ಇತ್ತಾ?” ಅಂದ.

ಮಳೆ ಕಳೆದು ಆಕಾಶ ತೆರೆದರೆ ಊಟಿಯಲ್ಲಿ ಹಿಮ ಕಟ್ಟುತ್ತದೆ. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲದ ಕಾವೆಲ್ಲ ಮೇಲಕ್ಕೆ ಹೋಗುತ್ತದೆ, ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಕೂರುತ್ತದೆ. ಆದ್ದರಿಂದ ಹಿಮ ನೋಡಲು 2,637 ಮೀಟರ್‌ನ ದೊಡ್ಡಬೆಟ್ಟಕ್ಕಲ್ಲ, ತಲೈಕುಂದಾ, ಕಾಂತಲ್‌ನಂಥ ತಗ್ಗಿನ ಹುಲ್ಲುಗಾವಲಿಗೆ ಹೋಗಬೇಕು. ಏಳನೇ ದಿನ ಬೆಳಗ್ಗೆ ಆರೂಕಾಲಿಗೆ ತಲೈಕುಂದಾದಲ್ಲಿದ್ದೆವು. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳುಪು, ಕಾಲಿಟ್ಟರೆ ಮುರುಮುರು ಸದ್ದು. ಬಿಸಿಲು ತಾಗಿದ ಕಡೆ ನೋಡನೋಡುತ್ತ ಹೋಗಿಬಿಡುತ್ತದೆ. ಎಂಟು ಗಂಟೆಗೆ ಬಂದವರಿಗೆ ಒದ್ದೆ ಹುಲ್ಲು ಮಾತ್ರ. ಕುಲಾವಿ, ಎರಡು ಜೊತೆ ಕಾಲುಚೀಲ ಇರಲಿ. ರೂಮು ಹಿಡಿಯುವಾಗ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿ, ನಲ್ಲಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ನಾವು ನೋಡದೆ ಕೊಟ್ಟೆವು.

ಇಳಿಯುವುದಕ್ಕೆ ಕಲ್ಲಟ್ಟಿ ಘಾಟಿ ಹತ್ತಿರವಾದರೂ ಹೊರಗಿನ ವಾಹನಗಳನ್ನು ಆ ಕಡೆ ಇಳಿಯಲು ಬಿಡುವುದಿಲ್ಲ. ಪೈಕಾರ, ನಡುವಟ್ಟಂ, ಗೂಡಲೂರಿನ ಮೇಲೆಯೇ ಬನ್ನಿ. ಗೂಡಲೂರಿನಲ್ಲಿ ಒಣ ಬಿಸಿಲು, ರಸ್ತೆಯಲ್ಲಿ ಧೂಳು. ವಾರವೆಲ್ಲ ನೆನೆದ ಜರ್ಕಿನ್‌ಗಳನ್ನು ಕಾರಿನ ಮೇಲೆ ಹರಡಿ ಊಟ ಮಾಡಿ ಬರುವಷ್ಟರಲ್ಲಿ ಒಣಗಿದ್ದವು. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಗ್ಗೆ 6ಕ್ಕೆ ತೆರೆಯುತ್ತದೆ, ಆ ಲೆಕ್ಕದಲ್ಲಿ ಊಟಿ ಬಿಡಿ.

ಗುಂಡ್ಲುಪೇಟೆಯಿಂದ ಚಿಕ್ಕವ್ವನಿಗೆ ಫೋನ್ ಮಾಡಿದೆ. ಮೆದೆ ಬಿಚ್ಚಿ ಒಣಗಲು ಹಾಕಿದ್ದರಂತೆ. ಅಡಿಯ ನಾಲ್ಕು ಕಂತೆ ಬಿಟ್ಟರೆ ರಾಗಿ ಉಳಿದಿತ್ತು.