ಮುಯ್ಯಿ ಪುಸ್ತಕ

ಬೆಳಿಗ್ಗೆ ಲಿಂಕ್ಡ್‌ಇನ್ ತೆರೆದರೆ, ವರ್ಷಗಟ್ಟಲೆ ಸುದ್ದಿಯಿಲ್ಲದ ಹಳೇ ಸಹೋದ್ಯೋಗಿಯ ಮೆಸೇಜು: "ಹೇಗಿದ್ದೀರಾ ಸರ್? ನಿಮ್ಮ ಕಂಪನೀಲಿ ಒಂದು ರೆಫರಲ್ ಸಿಗಬಹುದಾ?" ಕೆಳಗೇ ರೆಸ್ಯೂಮೆ. 'ಹೇಗಿದ್ದೀರಾ'ಗೆ ಉತ್ತರ ಬರೋವರೆಗೂ ಕಾಯಲಿಲ್ಲ ಪುಣ್ಯಾತ್ಮ!

ಸಿಟ್ಟಲ್ಲೇ ಮೇಲಕ್ಕೆ ಸ್ಕ್ರೋಲ್ ಮಾಡಿದೆ. 2020ರ ಲಾಕ್‌ಡೌನಲ್ಲಿ ಕೆಲಸ ಹೋದಾಗ ನಾನೇ ಅವರಿಗೆ ಬರೆದಿದ್ದೆ, ಥೇಟ್ ಇದೇ ಧಾಟಿಯಲ್ಲಿ. ಅರ್ಧ ಗಂಟೆಯೊಳಗೆ ರೆಫರ್ ಮಾಡಿ ಎಚ್‌ಆರ್ ನಂಬರನ್ನೂ ಕಳಿಸಿದ್ದರು. ಅದಕ್ಕೆ ನನ್ನ ಉತ್ತರ, ಒಂದು ಹೆಬ್ಬೆರಳು.

ಅಮ್ಮ ನನ್ನ ಮದುವೆಯ ಮುಯ್ಯಿ ಪುಸ್ತಕವನ್ನು ಇನ್ನೂ ಬೀರುವಿನಲ್ಲಿಟ್ಟಿದ್ದಾಳೆ. ಯಾರ ಮನೆ ಮದುವೆಗೆ ಹೊರಟರೂ ಅದನ್ನು ತಿರುವಿಯೇ ಕವರಿಗೆ ದುಡ್ಡು ಹಾಕೋದು. ಪರಿಚಯದವರು ಐನೂರು ದಾಟಿದರೆ ಬರೀ '500+' ಅಂತ ತೋರಿಸಿ ಸುಮ್ಮನಾಗುವ ಲಿಂಕ್ಡ್‌ಇನ್‌ನಲ್ಲಿ ಆ ಲೆಕ್ಕ ಎಲ್ಲಿ ಬರೆಯೋದು?

ರೆಸ್ಯೂಮೆಯಲ್ಲಿ ಎರಡು ಸ್ಪೆಲಿಂಗ್ ತಪ್ಪಿವೆ. ತಿದ್ದುತ್ತಾ ಕೂತಿದ್ದೀನಿ.