ಬೇರೆಯವರ ಎರಡು ನಿಮಿಷ

ಹನ್ನೊಂದನೇ ತರಗತಿಯಲ್ಲಿ ನಾನು ಕೇಂಬ್ರಿಡ್ಜ್ ಪಠ್ಯಕ್ರಮದ ಮೀಡಿಯಾ ಸ್ಟಡೀಸ್ ತಗೊಂಡಿದ್ದೆ. ಅದರಲ್ಲಿ ಒಂದು ಪ್ರಾಜೆಕ್ಟ್: ಒಂದು ಕಥಾಚಿತ್ರದ ಆರಂಭ ಮಾತ್ರ ಮಾಡಬೇಕು, ಟೈಟಲ್ ಸಮೇತ, ಎರಡು ನಿಮಿಷದೊಳಗೆ. ಮುಂದಿನ ಸಿನಿಮಾ ಇರುವುದೇ ಇಲ್ಲ. ಆದರೂ ನೋಡಿದವರು "ಆಮೇಲೇನಾಯ್ತು?" ಅಂತ ಕೇಳಬೇಕು.

ಶೂಟಿಂಗ್‌ಗೆ ಹೊರಡುವ ಮೊದಲು ನಮ್ಮ ಮೇಡಂ ಹಿಂದಿನ ಬ್ಯಾಚ್‌ನವರ ಕೆಲಸ ತೋರಿಸುತ್ತಿದ್ದರು. ಹೆಸರಾಂತ ನಿರ್ದೇಶಕರ ಸಿನಿಮಾಗಳನ್ನೂ ತೋರಿಸಿದರು. ನಾನು ಜಾಸ್ತಿ ಕಲಿತದ್ದು ಮಾತ್ರ ಸೀನಿಯರ್‌ಗಳ ಕೆಲಸದಿಂದಲೇ. ದೊಡ್ಡ ಸಿನಿಮಾದಲ್ಲಿ ಕಥೆ ನಮ್ಮನ್ನು ಎಳೆದುಕೊಂಡು ಹೋಗಿಬಿಡುತ್ತದೆ. ನಮ್ಮದೇ ಕಾರಿಡಾರಿನಲ್ಲಿ, ನಮ್ಮಂಥದೇ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಹೊಲಿಗೆಯೆಲ್ಲ ಕಾಣುತ್ತದೆ.

ಎಷ್ಟೋ ಚಿತ್ರಗಳು ಅಲಾರಂ ಹೊಡೆಯುವುದರಿಂದಲೇ ಶುರು. ಹುಡುಗ ಏಳುತ್ತಾನೆ, ಹಲ್ಲುಜ್ಜುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ. ಅಷ್ಟರಲ್ಲಿ ಒಂದು ನಿಮಿಷ ಮುಗಿದಿರುತ್ತದೆ. ಅವನಿಗೆ ಏನು ಬೇಕು ಅಂತ ಇನ್ನೂ ಗೊತ್ತಾಗಿರುವುದಿಲ್ಲ. ಒಂದು ಥ್ರಿಲ್ಲರ್‌ನಲ್ಲಿ ಹುಡುಗಿ ಎಡದಿಂದ ಬಲಕ್ಕೆ ಓಡುತ್ತಾಳೆ, ಅಟ್ಟಿಸಿಕೊಂಡು ಬರುವವನು ಬಲದಿಂದ ಎಡಕ್ಕೆ. ಇಬ್ಬರೂ ಎದುರುಬದುರು ಬರುತ್ತಿದ್ದಾರೇನೋ ಅನ್ನಿಸುತ್ತದೆ. ಪಾತ್ರಗಳ ನಡುವೆ ಒಂದು ಗೆರೆ ಇದೆ ಅಂದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡಬೇಕು ಅನ್ನುವ 180 ಡಿಗ್ರಿ ನಿಯಮ ಪುಸ್ತಕದಲ್ಲಿ ಇದ್ದೇ ಇತ್ತು. ಅದು ತಲೆಗೆ ಹತ್ತಿದ್ದು ಆವತ್ತು.

ಇನ್ನೊಂದರಲ್ಲಿ ಟ್ಯೂಬ್‌ಲೈಟ್ ಕೆಳಗಿನ ಶಾಟ್‌ಗಳಲ್ಲೆಲ್ಲ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ಅದನ್ನು ತೆಗೆದ ಅಕ್ಕನೇ ಕ್ಲಾಸಿಗೆ ಬಂದು ಕಾರಣ ಹೇಳಿದರು. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಸಮಯ, 1/60 ಸೆಕೆಂಡ್ ಇದ್ದರೆ ಅದಕ್ಕೂ ಇದಕ್ಕೂ ತಾಳ ಕೂಡುವುದಿಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಳ್ಳಿ ಅಂದರು. ನಮ್ಮ ಗುಂಪಿನ ಫೋನಿನಲ್ಲಿ ಅವತ್ತೇ ಹಾಗೆ ಬದಲಾಯಿಸಿದೆವು.

ನನಗೆ ತುಂಬಾ ಹಿಡಿಸಿದ ಚಿತ್ರದಲ್ಲಿ ಮಾತೇ ಇರಲಿಲ್ಲ. ಅಡುಗೆಮನೆ. ಒಲೆಯ ಮೇಲೆ ಕುಕ್ಕರ್. ಒಬ್ಬ ಹುಡುಗಿಯ ಕೈ ಮೊಳೆಗೆ ನೇತುಹಾಕಿದ್ದ ಬೀಗದ ಕೈಯನ್ನು ಮೆಲ್ಲಗೆ ತೆಗೆಯುತ್ತದೆ. ಮೊದಲ ಸೀಟಿ. ನಡುಮನೆಯಲ್ಲಿ ಅಜ್ಜಿ ನಿದ್ದೆಯಲ್ಲೇ ಮಗ್ಗುಲು ಬದಲಾಯಿಸುತ್ತಾರೆ. ಎರಡನೇ ಸೀಟಿ. ಬಾಗಿಲು ತೆರೆಯುತ್ತದೆ. ಮೂರನೇ ಸೀಟಿ ಕೇಳುವಾಗ ಹುಡುಗಿ ಆಗಲೇ ಬೀದಿಯಲ್ಲಿದ್ದಾಳೆ. ಚಿತ್ರ ಹೊರಗೆ ಬಂದಿದೆ, ಸದ್ದು ಇನ್ನೂ ಮನೆಯೊಳಗಿದೆ. ಆಗ ಸಿನಿಮಾದ ಹೆಸರು ಬರುತ್ತದೆ. ಕುಕ್ಕರ್ ಆರಿಸುವವರು ಯಾರೂ ಇಲ್ಲ ಅಂತ ನಮಗೆ ಹೊಳೆಯುವುದೂ ಆಗಲೇ.

ಮೇಡಂ ಅದನ್ನು ಮತ್ತೆ ಹಾಕಿಸಿ, ಕಣ್ಣು ಮುಚ್ಚಿಕೊಂಡು ಕೇಳಿ ಅಂದರು. ಆಮೇಲೆ ಸದ್ದು ತೆಗೆದು ಬರೀ ಚಿತ್ರ ತೋರಿಸಿದರು. ಕಣ್ಣು ಮುಚ್ಚಿದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಸದ್ದು ಇಲ್ಲದಾಗ ಅದು ಸುಮ್ನೆ ಒಂದು ಮನೆ, ಅಷ್ಟೇ. ಸೀಟಿಯನ್ನು ಬೇರೆಯಾಗಿ, ರಾತ್ರಿ ಬೀದಿಯ ಗಲಾಟೆ ಅಡಗಿದ ಮೇಲೆ ರೆಕಾರ್ಡ್ ಮಾಡಿದ್ದರಂತೆ. ಟೈಟಲ್‌ಗಳನ್ನೂ ಎರಡು ಸೀಟಿಗಳ ನಡುವಿನ ಬಿಡುವಿನಲ್ಲಿ ಕೂರಿಸಿದ್ದರು. ನಿರ್ಮಾಣ ಸಂಸ್ಥೆ ಮೊದಲು, ನಿರ್ದೇಶಕರ ಹೆಸರು ಕೊನೆಗೆ. ಓದುವುದಕ್ಕೆ ಸಮಯ ಸಿಗುತ್ತಿತ್ತು, ಕಥೆಯೂ ನಿಲ್ಲುತ್ತಿರಲಿಲ್ಲ. ಇವತ್ತು ಎಡಿಟಿಂಗ್ ಟೇಬಲ್ ಮುಂದೆ ಕೂತಾಗ ನಾನು ಮೊದಲು ಸದ್ದಿನ ಟ್ರ್ಯಾಕನ್ನೇ ಕೇಳುತ್ತೇನೆ.

ನಮ್ಮ ಕ್ಲಾಸಿನಲ್ಲೂ ಒಬ್ಬರ ರಫ್ ಕಟ್, ಅಂದರೆ ಎಡಿಟಿಂಗ್‌ನ ಮೊದಲ ಕರಡು, ಇನ್ನೊಬ್ಬರು ನೋಡುತ್ತಿದ್ದೆವು. ಮಾಡಿದವರು ಬಾಯಿ ಬಿಡುವಂತಿಲ್ಲ. ನೋಡಿದವರು, ಚೆನ್ನಾಗಿದೆ ಅನ್ನುವ ಬದಲು, ಏನು ಅರ್ಥವಾಯಿತು ಅಂತ ಹೇಳಬೇಕು. ಪಕ್ಕದ ಗುಂಪಿನ ಚಿತ್ರದಲ್ಲಿ ಹುಡುಗಿಯ ತಮ್ಮನನ್ನು ಅವಳ ಪ್ರೇಮಿ ಅಂದುಕೊಂಡವರಿದ್ದರು. ಆ ಗುಂಪಿನವರು ಅದೊಂದನ್ನು ಸರಿಮಾಡಲು ರಾಖಿ ಕಟ್ಟಿದ ಕೈಯ ಕ್ಲೋಸಪ್ ಸೇರಿಸಿದರು. ಒಂದೇ ಶಾಟ್, ಸಂಭಾಷಣೆಯೇ ಬೇಕಾಗಲಿಲ್ಲ, ಅಲ್ವಾ? ಅದನ್ನು ನೋಡಿಯೇ ನಾವು ನಮ್ಮ ಚಿತ್ರದಲ್ಲಿ ಹಿನ್ನೆಲೆಯಿಂದ ಕಥೆ ಹೇಳುತ್ತಿದ್ದ ಮಾತನ್ನು ಪೂರ್ತಿ ತೆಗೆದುಹಾಕಿದೆವು.

ಈಗ ಓದುತ್ತಿರುವ ತಂಗಿ ತಮ್ಮಂದಿರಲ್ಲಿ ಒಂದು ಬೇಡಿಕೆ. ನಿಮ್ಮ ಚಿತ್ರ ಕೊಟ್ಟಾದ ಮೇಲೆ ರಫ್ ಕಟ್‌ಗಳನ್ನು ಅಳಿಸಬೇಡಿ. ಮುಂದಿನ ಬ್ಯಾಚ್‌ಗೆ ಕೊನೆಯ ರೂಪದ ಜೊತೆ ಅವನ್ನೂ ಕೊಟ್ಟು ಹೋಗಿ.