ಪಾಡ್ಯದ ರಜೆ ಮಂಗಳವಾರ ಸಿಕ್ಕಿತು

2014ರ ಬಲಿಪಾಡ್ಯಮಿ. ಮಧ್ಯಾಹ್ನ ಮೂರು ಗಂಟೆ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ನಾನು ಸೀರೆ ಮಡಚುತ್ತಾ ನಿಂತಿದ್ದೆ. ಎದುರಿಗೆ ಗಿರಾಕಿಗಳು ಇರಲಿಲ್ಲ. ಹಬ್ಬದ ವ್ಯಾಪಾರ ಹಿಂದಿನ ರಾತ್ರಿಗೇ ಮುಗಿದಿತ್ತು. ಬಿಡಿಸಿ ತೋರಿಸಿ ಹಾಗೇ ಬಿಟ್ಟ ಸೀರೆಗಳು ಕೌಂಟರ್ ಮೇಲೆ ಗುಡ್ಡೆ ಬಿದ್ದಿದ್ದವು. ಅವನ್ನೇ ಒಂದೊಂದಾಗಿ ಮಡಚಿ, ಕವರಿಗೆ ತುಂಬಿ, ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ.

ಕೂರುವುದಕ್ಕೆ ನಮಗೆ ಸ್ಟೂಲು ಇರಲಿಲ್ಲ. ಗಿರಾಕಿ ಇರಲಿ ಬಿಡಲಿ, ನಿಂತೇ ಇರಬೇಕು. ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿ, 2018ರಲ್ಲಿ ಕಾನೂನು ತಿದ್ದುಪಡಿ ಆಗುವ ಹಾಗೆ ಮಾಡಿದರು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾಗಿದ್ದು ಈ ಪಾಡ್ಯದ ಮಧ್ಯಾಹ್ನವೇ.

ಫೋನು ಸೈಲೆಂಟ್ ಮಾಡಿ ಸೀರೆಯ ರಾಶಿ ಕೆಳಗೆ ಇಟ್ಟಿದ್ದೆ. ಅದು ಗುಂಯ್‌ಗುಟ್ಟಿತು. ತಮ್ಮ.

"ಅಕ್ಕಾ, ಗೌರಿಗೆ ಈ ಸಲ ನಾನೇ ಜೇಡಿ ಒತ್ತಿದೆ. ಕೊಂಬಿಗೆ ಕೆಮ್ಮಣ್ಣೂ ಹಚ್ಚಿದೆ. ಕರು ಸರ ಹರ್ಕೊಂಡು ಓಡಿತು. ನೀ ಬಂದ್ಯಾ? ಬಸ್ಸಲ್ಲಿದ್ಯಾ?"

ಇಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಕಡುಬು ಎತ್ತಿಡೋದು ಬೇಡ್ವಾ?" ಅಂತ ಕೇಳಿದ.

ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಕಡೆ ದೀಪಾವಳಿ ಅಂದರೆ ದೊಡ್ಡಹಬ್ಬ. ನಮ್ಮೂರು ತೀರ್ಥಹಳ್ಳಿ ದಾಟಿ ಕೋಣಂದೂರು ಕಡೆ. ತ್ರಯೋದಶಿ ಸಂಜೆ ಬಚ್ಚಲ ಹಂಡೆ ತಿಕ್ಕಿ ನೀರು ತುಂಬುವುದರಿಂದ ಹಬ್ಬ ಶುರು. ಬೆಳಗಾಗುವ ಮೊದಲೇ ಎದ್ದು ಎಣ್ಣೆ ಸ್ನಾನ. ಪಾಡ್ಯದ ದಿನವಂತೂ ಮನೆಯಲ್ಲಿ ದನಗಳೇ ದೊಡ್ಡವರು. ಬೆಳಿಗ್ಗೆಯೇ ಮೈ ತೊಳೆದು, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಜೇಡಿಯಲ್ಲಿ, ಅಂದರೆ ಬಿಳಿ ಮಣ್ಣಿನಲ್ಲಿ, ಅದ್ದಿ ಮೈ ತುಂಬ ಬಿಳಿ ಉಂಗುರ ಒತ್ತುತ್ತೇವೆ. ಚೆಂಡು ಹೂವು, ಪಚ್ಚೆತೆನೆ, ಅಡಿಕೆ ಪೋಣಿಸಿದ ಸರ ಕಟ್ಟುತ್ತೇವೆ. ಅಡಿಕೆ ಸರ ಪೋಣಿಸುವುದು ಹತ್ತು ವರ್ಷದವಳಿದ್ದಾಗಿನಿಂದ ನನ್ನ ಕೆಲಸ. ಆ ವರ್ಷ ಯಾರು ಪೋಣಿಸಿದರು ಅಂತ ತಮ್ಮನನ್ನು ಕೇಳಲು ಧೈರ್ಯ ಬರಲಿಲ್ಲ.

ಆ ದಿನ ಅಂಗಡಿ ತೆಗೆದದ್ದು ಯಾಕೆ? ಮಧ್ಯಾಹ್ನದವರೆಗೆ ನನ್ನ ಸೆಕ್ಷನ್ನಿಗೆ ಬಂದವರು ನಾಲ್ಕೇ ಜನ. ಒಬ್ಬರು ಬ್ಲೌಸ್ ಪೀಸ್ ಬದಲಾಯಿಸಲು ಬಂದರು. ಒಬ್ಬರು ಊಟ ಆದ ಮೇಲೆ ಸುಮ್ನೆ ಅಡ್ಡಾಡಲು ಬಂದಿದ್ದರು. ಅವರೇ ಹಾಗಂತ ಹೇಳಿದರು, ಬೇಸರವಿಲ್ಲದೆ. "ಮನೇಲಿ ಕೂತು ಬೋರಾಯ್ತು, ಅಂಗಡಿ ತೆಗ್ದಿತ್ತಲ್ಲ ಅಂತ ಬಂದ್ವಿ" ಅಂದರು. ಅವರದ್ದೇನೂ ತಪ್ಪಿಲ್ಲ. ಬಾಗಿಲು ತೆಗೆದಿದ್ದರೆ ಜನ ಬರುತ್ತಾರೆ. ಮೂವತ್ತು ಸೀರೆ ಬಿಡಿಸಿದೆ. ಅವರು ನೋಡಿ ಸಂತೋಷಪಟ್ಟು ಹೋದರು.

ಸಂಜೆ ಐದಕ್ಕೆ ಸಾವ್ಕಾರ್ರ ಹತ್ತಿರ ಹೋದೆ. ಅವರನ್ನು ಕೆಟ್ಟವರು ಅಂತ ನಾನು ಯಾವತ್ತೂ ಹೇಳಲಾರೆ. ಸಂಬಳ ಒಂದು ದಿನವೂ ತಡ ಮಾಡಿದವರಲ್ಲ. ಆ ದಿನ ಅವರ ಮಗಳೂ ಅಂಗಡಿಯಲ್ಲೇ ಇದ್ದಳು. ಆರೇಳು ವರ್ಷದ ಹುಡುಗಿ. ಹೊಸ ಲಂಗ ಹಾಕಿಕೊಂಡು ಕ್ಯಾಶ್ ಕೌಂಟರಿನ ಹಿಂದೆ ಟವೆಲ್ ಮೇಲೆ ನಿದ್ದೆ ಹೋಗಿದ್ದಳು.

"ಈಗ ಹೊರಟರೆ ತೀರ್ಥಹಳ್ಳಿ ಬಸ್ಸು ಸಿಗತ್ತೆ, ಅಲ್ಲಿಂದ ಕೋಣಂದೂರು ಕೊನೇ ಬಸ್ಸೂ ಸಿಗಬಹುದು. ಹೋಗ್ಲಾ ಸರ್?" ಅಂದೆ.

ಅವರು ರಸ್ತೆ ಕಡೆ ನೋಡಿದರು. "ಎದುರಿನವರು ತೆಗೆದಿದ್ದಾರಮ್ಮ. ಅವರು ಮುಚ್ಚಿದ್ರೆ ನಾನು ಬೆಳಿಗ್ಗೇನೇ ತೆಗೀತಿರ್ಲಿಲ್ಲ. ನಂಗೇನು ಹಬ್ಬ ಬೇಡ್ವಾ?"

ಎದುರಿನ ಅಂಗಡಿಯಲ್ಲಿ ನನ್ನ ರೂಮಿನ ಗೆಳತಿ ಕೆಲಸ ಮಾಡುತ್ತಿದ್ದಳು. ರಾತ್ರಿ ಅವಳಿಗೆ ಇದನ್ನು ಹೇಳಿದೆ. ಅವಳು ತಟ್ಟೆಯಲ್ಲಿ ಕೈ ಇಟ್ಟವಳು ಹಾಗೇ ನನ್ನ ಮುಖ ನೋಡಿದಳು. "ನಮ್ಮ ಓನರ್ರೂ ಅದೇ ಅಂದ್ರು ಮಾರಾಯ್ತಿ. ನಿಮ್ಮ ಅಂಗಡಿ ತೆಗ್ದಿದೆ, ಅದಕ್ಕೇ ನಾವೂ ತೆಗ್ದಿದ್ದು ಅಂತ."

ಎರಡು ಅಂಗಡಿಯ ನಡುವೆ ಒಂದು ರಸ್ತೆ, ಅಷ್ಟೇ. ಅವರು ಇವರನ್ನು ನೋಡಿ ತೆಗೆದರು, ಇವರು ಅವರನ್ನು ನೋಡಿ ತೆಗೆದರು. ಎರಡೂ ಕಡೆಯ ಕೆಲಸದವರು ಸೇರಿ ನಲವತ್ತು ಜನ ಹಬ್ಬದ ದಿನ ಖಾಲಿ ಅಂಗಡಿ ಕಾದೆವು. ಒಬ್ಬರು ಒಂದು ಮಾತು ಆಡಿದ್ದರೆ ಸಾಕಿತ್ತು. ಈ ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಆ ರಾತ್ರಿ ತಮ್ಮ ಮತ್ತೆ ಫೋನ್ ಮಾಡಿದ. ಹನ್ನೊಂದು ಗಂಟೆ ಮೇಲಾಗಿತ್ತು. ಅಂಟಿಗೆ ಪಂಟಿಗೆಯವರು ಬಂದಿದ್ದಾರೆ, ಕೇಳು ಅಂದ. ಮನೆಯಿಂದ ಮನೆಗೆ ದೀಪ ಹೊತ್ತು ಹಾಡುತ್ತಾ ಬರುವವರು ಅವರು. ಆ ದೀಪ ಆರಬಾರದು. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುತ್ತಾರೆ. ಅವನು ಫೋನನ್ನು ಜಗಲಿ ಕಡೆ ಹಿಡಿದ. ಸಿಗ್ನಲ್ ಸರಿಯಿಲ್ಲದೆ ಹಾಡು ತುಂಡು ತುಂಡಾಗಿ ಕೇಳಿತು. ಎಣ್ಣೆ ಎರೆಯಲು ಅಮ್ಮ ಒಳಗಿನಿಂದ ಬಂದ ಬಳೆ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ನಾನು ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತು, ಫೋನ್ ಕಟ್ ಆಗುವವರೆಗೂ ಕೇಳಿದೆ.

ಪಾಡ್ಯದ ಬದಲು ನನಗೆ ಮಂಗಳವಾರ ರಜೆ ಕೊಟ್ಟರು. ಊರಿಗೆ ಹೋದೆ. ಮಂಡಗದ್ದೆ ದಾಟುವಾಗ ಕಿಟಕಿಯಿಂದ ತುಂಗೆ ಕಂಡಳು, ಮನಸ್ಸು ಸ್ವಲ್ಪ ಹಗುರಾಯಿತು. ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಅಡಿಕೆ ಕೊಯ್ಲು ಶುರುವಾಗಿತ್ತು, ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿದ್ದರು. ತಮ್ಮ ಶಾಲೆಗೆ ಹೋಗಿದ್ದ. ಬಾಗಿಲಿನ ಚೆಂಡು ಹೂವಿನ ಮಾಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಪಾಲಿನ ಕಡುಬನ್ನು ಅಮ್ಮ ಎರಡು ದಿನ ಇಟ್ಟು, ಹಳಸಿತು ಅಂತ ದನಕ್ಕೆ ಹಾಕಿದ್ದಳು.

ಕೊಟ್ಟಿಗೆಗೆ ಹೋದೆ. ಗೌರಿಯ ಮೈ ಮೇಲೆ ಬಿಳಿ ಉಂಗುರಗಳು ಇನ್ನೂ ಇದ್ದವು. ಅರ್ಧ ಅಳಿಸಿದ್ದವು. ಹೊಟ್ಟೆಯ ಒಂದು ಪಕ್ಕದಲ್ಲಿ, ಅವಳು ಮಲಗುವ ಕಡೆ, ಪೂರ್ತಿ ಹೋಗಿದ್ದವು. ಕೈಯಾಡಿಸಿದರೆ ಬೆರಳಿಗೆ ಬಿಳಿ ಪುಡಿ ಅಂಟಿತು.

ರಜೆ ಕೊಡಲಿಲ್ಲ ಅಂತ ನಾನು ದೂರುವಂತಿರಲಿಲ್ಲ. ಒಂದು ದಿನಕ್ಕೆ ಒಂದು ದಿನ ಕೊಟ್ಟಿದ್ದರು. ಲೆಕ್ಕ ಸರಿಯಾಗಿತ್ತು. ಆದರೆ ಎಲ್ಲರೂ ಕೆಲಸಕ್ಕೆ ಹೋದ ದಿನ ಒಬ್ಬಳೇ ಮನೆಯಲ್ಲಿ ಕೂತರೆ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಹಬ್ಬ ಎಲ್ಲರೂ ಸೇರಿ ಮಾಡುವಂಥದ್ದು. ಅಪ್ಪ ತೋಟದಲ್ಲಿ, ತಮ್ಮ ಶಾಲೆಯಲ್ಲಿ ಇರುವಾಗ ಯಾರ ಜೊತೆ ಹಬ್ಬ ಮಾಡುವುದು?

ಆ ಅಂಗಡಿ ಬಿಟ್ಟು ನಾನು ಹೊಲಿಗೆ ಕಲಿತೆ. ಈಗ ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಬ್ಲೌಸ್ ಹೊಲಿಸಲು ಬರುವ ವಕೀಲರೊಬ್ಬರು ಒಂದು ದಿನ ಮಾತಿನ ನಡುವೆ 1963ರ ಒಂದು ಕಾಯ್ದೆ ಬಗ್ಗೆ ಹೇಳಿದರು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, ನಮ್ಮ ಕರ್ನಾಟಕದ್ದು. ಅದರ ಹೆಸರಿನಲ್ಲಿ ಕೈಗಾರಿಕೆ ಅಂತ ಇದ್ದರೂ ಅಂಗಡಿಗಳೂ ಅದರಲ್ಲಿ ಬರುತ್ತವಂತೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬದ ರಜೆ. ಎಲ್ಲವೂ ಸಂಬಳದ ಜೊತೆ. ಆ ದಿನ ಕೆಲಸಕ್ಕೆ ಕರೆದರೆ ಮೊದಲೇ ಬರೆದು ತಿಳಿಸಬೇಕು. ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಇನ್ನೊಂದು ದಿನ ಸಂಬಳದ ರಜೆ ಕೊಡಬೇಕು. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಅಷ್ಟು ವರ್ಷ ಕೆಲಸ ಮಾಡಿದರೂ ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. 2021ರಲ್ಲಿ ಸರ್ಕಾರ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಅಂಗಡಿಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆಯೂ ತೆರೆದಿರಬಹುದು ಅಂತ ಆದೇಶ ಮಾಡಿತು. ಕೆಲಸದವರಿಗೆ ಸರದಿ ಮೇಲೆ ವಾರದ ರಜೆ ಕೊಡಬೇಕು, ಇವತ್ತು ಯಾರಿಗೆ ರಜೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತಲೂ ಅದರಲ್ಲಿತ್ತು. ಒಳ್ಳೆಯ ಮಾತೇ. ಆದರೆ ಸರದಿ ರಜೆಯಲ್ಲಿ ಎಲ್ಲರಿಗೂ ಒಂದೇ ದಿನ ಬಿಡುವು ಸಿಗುವುದಿಲ್ಲ. ಮಂಗಳವಾರದ ರಜೆಯ ರುಚಿ ನನಗೆ ಗೊತ್ತಿದೆ.

ಹಾಗಾದರೆ ಎಲ್ಲ ಮುಚ್ಚಬೇಕಾ? ಇಲ್ಲ. ಮೆಡಿಕಲ್ ಶಾಪು, ಆಸ್ಪತ್ರೆ, ಹಾಲು, ಪೆಟ್ರೋಲ್ ಬಂಕು ನಡೆಯಲೇಬೇಕು. ಆ ಪಾಡ್ಯದ ಸಂಜೆ ನಾನು ಊರಿಗೆ ಹೊರಟಿದ್ದರೆ ನನ್ನನ್ನು ಕರೆದೊಯ್ಯುವ ಡ್ರೈವರ್ರೂ ತನ್ನ ಮನೆಯ ಹಬ್ಬ ಬಿಟ್ಟೇ ಬರಬೇಕಿತ್ತು. ಅಂಥವರಿಗೆ ಎರಡರಷ್ಟು ಸಂಬಳ ಕೊಟ್ಟರೂ ಕಡಿಮೆಯೇ. ಆದರೆ ಸೀರೆ, ಪಾತ್ರೆ, ಚಿನ್ನ, ಮೊಬೈಲು ಇವೆಲ್ಲ ಒಂದು ದಿನ ಕಾಯುತ್ತವೆ. ಪಾಡ್ಯದ ದಿನ ಕೊಳ್ಳದಿದ್ದವರು ಮರುದಿನ ಕೊಳ್ಳುತ್ತಾರೆ. ಇದನ್ನು ಕೌಂಟರಿನ ಹಿಂದೆ ನಿಂತು ನೋಡಿಯೇ ಹೇಳುತ್ತಿದ್ದೇನೆ.

ಎರಡು ಮಾತು ನನ್ನನ್ನು ತಿದ್ದಿದವು, ಅವನ್ನೂ ಹೇಳಬೇಕು. ನಮ್ಮ ಬಿಲ್ಲಿಂಗಿನಲ್ಲಿ ಒಬ್ಬ ಮುಸ್ಲಿಂ ಅಕ್ಕ ಇದ್ದರು. ಪಾಡ್ಯದ ದಿನ ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಹತ್ತಿರ ಬಂದು, "ರಂಜಾನ್ ದಿನ ನಾನೂ ಹಿಂಗೇ ಬಿಲ್ ಹೊಡೀತಿದ್ದೆ ಕಣೆ" ಅಂದರು. ಅವರು ಹೇಳುವವರೆಗೆ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಆ ರಂಜಾನ್ ದಿನ ಅವರ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಕೇಳಿರಲಿಲ್ಲ.

ಇನ್ನೊಬ್ಬರು ಗುಡಿಸುವ ಅಮ್ಮ. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು. "ರಜೆ ಅಂದ್ರೆ ನಂಗೆ ಭಯ ಆಗತ್ತೆ. ಹಿಂದಿದ್ದ ಕಡೆ ರಜೆ ದಿನದ ದುಡ್ಡು ಹಿಡೀತಿದ್ರು" ಅನ್ನುತ್ತಿದ್ದರು. ಸಂಬಳ ಹಿಡಿದು ಕೊಡುವ ರಜೆ ಅವರ ಪಾಲಿಗೆ ಒಂದು ದಿನದ ಅಕ್ಕಿ ಕಡಿಮೆ. ಅಂಗಡಿ ಮುಚ್ಚಿ ಅನ್ನುವವರು ಆ ದಿನದ ಸಂಬಳ ಕೊಡಿ ಅಂತಲೂ ಅದೇ ಉಸಿರಿನಲ್ಲಿ ಹೇಳಬೇಕು.

ನನ್ನ ಅಂಗಡಿಯಲ್ಲಿ ಈಗ ಇಬ್ಬರು ಹುಡುಗಿಯರು ಇದ್ದಾರೆ. ಒಬ್ಬಳು ಹೊಸನಗರದ ಕಡೆಯವಳು. ಚತುರ್ದಶಿಯ ಹಿಂದಿನ ಮಧ್ಯಾಹ್ನವೇ ಅವಳನ್ನು ಬಸ್ಸು ಹತ್ತಿಸುತ್ತೇನೆ. ಉಳಿದ ಹುಕ್ಕು, ಫಾಲ್ಸು ಎಲ್ಲ ನಾನೇ ರಾತ್ರಿ ಕೂತು ಮುಗಿಸುತ್ತೇನೆ. ಪಾಡ್ಯದ ದಿನ ಶಟರ್ ಎತ್ತುವುದಿಲ್ಲ.

ಕಳೆದ ವರ್ಷ ಪಾಡ್ಯದ ಬೆಳಿಗ್ಗೆ ಒಬ್ಬರು ಫೋನ್ ಮಾಡಿದರು. ಬೆಂಗಳೂರಿನಿಂದ ಹಬ್ಬಕ್ಕೆ ಬಂದವರು. ಬ್ಲೌಸ್ ತಗೊಳ್ಳಲು ಮರೆತಿದ್ದರು, ಈಗಲೇ ಬೇಕಿತ್ತು. ನಾನು ಊರಿನಲ್ಲಿ ಕೊಟ್ಟಿಗೆಯಲ್ಲಿದ್ದೆ. ಕೈ ತುಂಬ ಜೇಡಿ, ಫೋನನ್ನು ತಮ್ಮ ನನ್ನ ಕಿವಿಗೆ ಹಿಡಿದಿದ್ದ. ನಾಳೆ ಬೆಳಿಗ್ಗೆ ಕೊಡ್ತೀನಿ ಅಂದೆ. ಅವರಿಗೆ ಸಿಟ್ಟು ಬಂತು. ಮುಂದಿನ ಬ್ಲೌಸನ್ನು ಪಕ್ಕದ ರಸ್ತೆಯ ಟೈಲರ್ ಹತ್ತಿರ ಕೊಟ್ಟರು. ಅವರ ಅಂಗಡಿ ಪಾಡ್ಯದ ದಿನವೂ ತೆಗೆದಿತ್ತು.

ನಾಲ್ಕು ದಿನ ಬಿಟ್ಟು ಆ ಟೈಲರ್ ಅಣ್ಣನ ಹತ್ತಿರ ಹೋದೆ. ಗಿರಾಕಿ ಹೋದರು ಅಂತ ಜಗಳಕ್ಕಲ್ಲ. "ಅಣ್ಣಾ, ಪಾಡ್ಯದ ದಿನ ಯಾಕೆ ತೆಗೀತೀರಿ?" ಅಂತ ಕೇಳಿದೆ. ಅವರು ಕತ್ತರಿ ಕೆಳಗಿಟ್ಟರು. "ನೀವು ಮುಚ್ತೀರೋ ಇಲ್ವೋ ನಂಗೇನು ಗೊತ್ತು? ಮುಚ್ಚೋದು ಖಾತ್ರಿ ಅಂದ್ರೆ ನಾನೂ ಮುಚ್ತೀನಪ್ಪ. ನಮ್ಮನೇಲೂ ಎರಡು ದನ ಇದಾವೆ."

ಖಾತ್ರಿ ಅಂದೆ. ಈ ರಸ್ತೆಯಲ್ಲಿ ಇನ್ನೂ ಮೂವರು ಟೈಲರ್‌ಗಳು ಇದ್ದಾರೆ. ಗಣಪತಿ ಹಬ್ಬಕ್ಕೆ ಮೊದಲು ಅವರನ್ನೂ ಒಂದು ಮಾತು ಕೇಳಬೇಕು. ರಂಜಾನಿನ ದಿನ ಏನು ಮಾಡೋಣ ಅಂತಲೂ ಕೇಳಬೇಕು. ಅವರಲ್ಲಿ ಒಬ್ಬರು ಸಾಬರು.